ಮೇಧಾಳ ಸಮಯ ಇನ್ನೂ ಮುಗಿದಿರಲಿಲ್ಲ

ಗಾಜಾದಲ್ಲಿ ಯುದ್ಧ ಶುರುವಾದ ಮರುವರ್ಷ, ಅಂದರೆ 2024ರಲ್ಲಿ, ನಾನು ನಾಗಪುರದ ಸದರ್ ಬಡಾವಣೆಯ ಒಂದು ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಸಿಕ್ಕ ಕೆಲಸ. ಕಾಯಂ ಅಲ್ಲ, ಪ್ರತಿ ಬೇಸಿಗೆ ರಜೆಗೆ ಮುಂಚೆ ಮೇಲಿನವರು ಸಹಿ ಹಾಕಿದರೆ ಮತ್ತೊಂದು ವರ್ಷ. ಚರ್ಚಾಸ್ಪರ್ಧೆ ಇದ್ದಾಗ ಗಂಟೆ ಬಾರಿಸುವುದೂ ನನ್ನ ಪಾಲಿಗೇ ಬರುತ್ತಿತ್ತು. ಪ್ರತಿಯೊಬ್ಬರಿಗೂ ಐದು ನಿಮಿಷ. ಮುಗಿಯುವುದಕ್ಕೆ ಸ್ವಲ್ಪ ಮೊದಲು ಒಂದು ಸಲ, ಮುಗಿದಾಗ ಎರಡು ಸಲ ಬಾರಿಸಬೇಕು. ಆಮೇಲೆ ಮೈಕ್ ಬಂದ್. ನಾಲ್ಕು ಜನರೆದುರು ಬಾಯಿ ಬಿಡಲು ಹೆದರುವ ನನಗೆ ಹೇಳಿ ಮಾಡಿಸಿದ ಕೆಲಸ.

ಆ ಸಲದ ವಿಷಯ, ‘ಪ್ಯಾಲೆಸ್ತೀನಿಯರ ಮೇಲಿನ ದೌರ್ಜನ್ಯದ ಸುದ್ದಿಗಳು ಉತ್ಪ್ರೇಕ್ಷೆ’ ಎಂಬುದು. ಪರ ಯಾರು, ವಿರೋಧ ಯಾರು ಎಂದು ಚೀಟಿ ಎತ್ತಿ ನಿರ್ಧರಿಸುವುದು ಶಾಲೆಯ ಪದ್ಧತಿ. ವಿರೋಧದ ಚೀಟಿ ಮೇಧಾಳಿಗೆ ಬಂತು. ಧಾರವಾಡ ಕಡೆಯ ಹುಡುಗಿ, ಅಪ್ಪ ವಾಯುಪಡೆಯಲ್ಲಿ. ಕನ್ನಡ ಮಾತಾಡುವ ಆಸೆಗೆ ಮಧ್ಯಾಹ್ನ ನನ್ನ ಹೊಲಿಗೆ ಕೋಣೆಗೆ ಬಂದು ಊಟ ಮಾಡುತ್ತಿದ್ದಳು.

ಸ್ಪರ್ಧೆ ನೋಡಿಕೊಳ್ಳುತ್ತಿದ್ದ ಸುಪರ್‌ವೈಸರ್ ಸರ್‌ಗೆ ಇದು ಸರಿಬರಲಿಲ್ಲ. ಆ ಕಡೆ ಮಾತಾಡಲು ಸನೋಬರ್‌ಗೆ ಹೇಳೋಣ, ಅವಳಿಗೇ ಅದು ಬರೋಬರ್ ಎಂದರು. ಶಾಲೆಯ ವಾರ್ಷಿಕ ಗ್ಯಾದರಿಂಗ್‌ನ ನಾಟಕಕ್ಕೆ ಪಾತ್ರ ಹಂಚುವಷ್ಟು ಸಲೀಸಾಗಿ ಹೇಳಿದರು. ಮೇಧಾಳ ತರಗತಿಯ ಮುಸ್ಲಿಂ ಹುಡುಗಿ ಸನೋಬರ್ ಅಲ್ಲೇ ನಿಂತಿದ್ದಳು. ಮೇಧಾ ಹಿಂದಿಯಲ್ಲಿ ಕೇಳಿದಳು: “ಯಾಕೆ ಸರ್, ಸತ್ತ ಮಗುವಿಗಾಗಿ ಅಳುವುದು ಇವಳೊಬ್ಬಳ ಕೆಲಸವೇ?” ಸರ್ ಪಟ್ಟಿಯಲ್ಲಿ ಮೇಧಾಳ ಹೆಸರನ್ನೇ ಬರೆದುಕೊಂಡರು. ಹೊರಗೆ ಬಂದ ಮೇಲೆ ಸನೋಬರ್ ಅವಳಿಗೆ, ನಾನು ಹೇಳಿದರೆ ‘ನಿಮ್ಮವರು ತಾನೇ’ ಅಂತಾರೆ, ನೀನೇ ಹೇಳು ಎಂದಳಂತೆ.

“ಅಕ್ಕೋರ, ನಮ್ಮಪ್ಪಗ ಯಾರರ ಫೋನ್ ಮಾಡಿ ಹೇಳಿದ್ರ?” ಎಂದು ಮೇಧಾ ನನ್ನನ್ನು ಕೇಳಿದಳು.

“ಏನಂತ ಹೇಳ್ತಾರವಾ? ನಿಮ್ಮ ಮಗಳು ಖರೇ ಮಾತಾಡ್ತಾಳ ಅಂತನಾ?” ಎಂದೆ. ನಕ್ಕಳು. ಆದರೆ ಡಬ್ಬಿಯ ಚಪಾತಿ ಹಾಗೇ ಉಳಿಯಿತು.

ಸ್ಪರ್ಧೆಯ ದಿನ ಬೆಳಿಗ್ಗೆ ಸರ್ ನನ್ನನ್ನು ಕರೆಸಿದರು. ಕೆಲವು ಪಾಲಕರು ತಕರಾರು ಎತ್ತಿದ್ದಾರೆ, ಹುಡುಗಿ ಆ ಮಕ್ಕಳ ಗೋಳು ಶುರುಮಾಡಿದ ಕೂಡಲೇ ಎರಡು ಗಂಟೆ ಹೊಡೆದುಬಿಡಿ ಎಂದರು. ನಿಮ್ಮ ಕಾಗದವೂ ಈ ತಿಂಗಳೇ ಸಹಿಗೆ ಬರುತ್ತದೆ ಬಾಈ, ಎಂದೂ ಸೇರಿಸಿದರು. ನಾನು ಗಂಟೆ ಎತ್ತಿಕೊಂಡು ಹೊರಟೆ. ಒಪ್ಪಿದೆ ಎಂದುಕೊಂಡರು.

ಮೊದಲು ಮಾತಾಡಿದವನು ಅನಿಕೇತ್. ಚೆನ್ನಾಗಿ ಮಾತಾಡುವ ಹುಡುಗ. ಟಿವಿಯಲ್ಲಿ ತೋರಿಸುವ ಹೆಣಗಳೆಲ್ಲ ಗೊಂಬೆ, ಅಳುವ ತಾಯಂದಿರೆಲ್ಲ ನಟಿಯರು ಎಂದ. ಸಭಾಂಗಣ ಗೊಳ್ಳೆಂದು ನಕ್ಕಿತು. ನಕ್ಕವರಲ್ಲಿ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಂದಿರೂ ಇದ್ದರು.

ಮೇಧಾ ಎದ್ದಳು. ಇಸ್ರೇಲಿನಲ್ಲಿ ಜನರನ್ನು ಕೊಂದದ್ದು, ಒತ್ತೆಯಾಗಿ ಎಳೆದೊಯ್ದದ್ದು ಘೋರ ತಪ್ಪು, ಅದು ಸುಳ್ಳೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ ಎಂದೇ ಶುರುಮಾಡಿದಳು. ಹಾಗೆಯೇ ಇದನ್ನೂ ಸುಳ್ಳೆನ್ನಲು ಬಿಡುವುದಿಲ್ಲ ಎಂದಳು. ಯುದ್ಧಕ್ಕೆ ಎಷ್ಟೋ ವರ್ಷ ಮೊದಲೇ ಮನೆ ಕೆಡವಿಸಿಕೊಂಡವರು, ಸ್ವಂತ ಹೊಲಕ್ಕೆ ಹೋಗಲು ಸೈನಿಕರ ಅಪ್ಪಣೆಗೆ ಕಾಯುವವರು, ಈಗ ಅವಶೇಷಗಳಡಿ ಮಕ್ಕಳನ್ನು ಹುಡುಕುವವರು, ಎಲ್ಲರ ಮಾತನ್ನೂ ಹೇಳುತ್ತ ಹೋದಳು. ಹಿಂದಿನಿಂದ ಯಾರೋ ಶಿಳ್ಳೆ ಹಾಕಿದರು. ಇದನ್ನು ಬರೆದುಕೊಟ್ಟವರು ಯಾರು ಎಂದು ಒಬ್ಬ ಪಾಲಕರು ಕೂಗಿದರು.

ಸರ್ ನನ್ನತ್ತ ಕೈ ಮಾಡಿದರು. ನಾನು ಗಡಿಯಾರ ನೋಡಿದೆ. ಮತ್ತೆ ಕೈ ಮಾಡಿದರು. ಕೊನೆಗೆ ನನ್ನ ಮೇಜಿನ ಬಳಿ ಬಂದು, ಬಾರಿಸಿ ಎಂದು ಹಲ್ಲು ಕಚ್ಚಿ ಹೇಳಿದರು. ಗಂಟೆಯ ಮೇಲೆ ಅವರ ಕೈ ಬೀಳುವ ಮೊದಲೇ ಅದನ್ನೆತ್ತಿ ನನ್ನ ಮಡಿಲಲ್ಲಿಟ್ಟುಕೊಂಡೆ. ಎದ್ದು ನಿಲ್ಲುವ ಧೈರ್ಯ ಬರಲಿಲ್ಲ. ಕೂತೇ ಮರಾಠಿಯಲ್ಲಿ ಹೇಳಿದೆ:

“ಅವಳ ವೇಳೆ ಇನ್ನೂ ಇದೆ, ಸರ್. ಮುಗಿಯುವ ತನಕ ನಾನು ಬಾರಿಸುವುದಿಲ್ಲ. ನಿಮಗೂ ಕೊಡುವುದಿಲ್ಲ.”

ಮುಂದಿನ ಸಾಲಿನವರಿಗೆ ಕೇಳಿಸಿತು. ಸರ್ ಹಿಂದೆ ಸರಿದರು. ಮೇಧಾ ತನ್ನ ಕೊನೆಯ ವಾಕ್ಯದ ತನಕ ಮಾತಾಡಿದಳು. ಈಗ ಯಾರೂ ನಗಲಿಲ್ಲ, ಚಪ್ಪಾಳೆಯನ್ನೂ ಹೊಡೆಯಲಿಲ್ಲ. ಸನೋಬರ್ ಒಬ್ಬಳೇ ಹೊಡೆದಳು.

ಬಹುಮಾನ ಅನಿಕೇತ್‌ಗೆ ಹೋಯಿತು. ನನ್ನ ಕಾಗದಕ್ಕೆ ಸಹಿ ಬೀಳಲಿಲ್ಲ. ಎಲ್ಲಿಯದೋ ದೇಶದವರಿಗಾಗಿ ಅನ್ನ ಕಳಕೊಂಡೆಯಲ್ಲಮ್ಮ ಎಂದು ನಿಮ್ಮಪ್ಪ ಬೇಸರಪಟ್ಟ. ಈಗ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ, ಅನ್ನಕ್ಕೇನೂ ಕೊರತೆಯಾಗಿಲ್ಲ.

ಆ ಕೆಲಸ ನನಗೆ ಕಲಿಸಿದ್ದು ಇಷ್ಟು. ಒಬ್ಬರ ದುಃಖ ಸುಳ್ಳೆನ್ನುವವರು ಅದನ್ನು ಕೇಳಿ ಮುಗಿಸುವ ತಾಳ್ಮೆ ತೋರುವುದಿಲ್ಲ, ನಡುವೆಯೇ ನಿಲ್ಲಿಸಲು ನಮ್ಮಂಥವರ ಕೈಯನ್ನೇ ಬಳಸಲು ನೋಡುತ್ತಾರೆ. ನಿಮ್ಮೆದುರು ಯಾರಾದರೂ ಸತ್ತ ಮಕ್ಕಳನ್ನು ಗೊಂಬೆ ಎಂದು ನಕ್ಕರೆ, ಮಕ್ಕಳೇ, ನೀವು ನಗಬೇಡಿ. ಎದ್ದು ಎದುರು ಮಾತಾಡಿ. ಅಷ್ಟು ಧೈರ್ಯ ಬಾರದಿದ್ದರೆ ಕೂತಲ್ಲಿಂದಲೇ ಆಗುವುದಿಲ್ಲ ಎನ್ನಿ. ಅದಕ್ಕೆ ದೊಡ್ಡ ದನಿ ಬೇಕಾಗಿಲ್ಲ.