ನನಗೂ ಚಳಿಯಾಯಿತು

ಇವತ್ತು ಬೆಳಿಗ್ಗೆ ನನಗೆ ಚಳಿಯಾಯಿತು.

ಜನವರಿ ತಿಂಗಳಲ್ಲಿ, ದಿಲ್ಲಿಯಲ್ಲಿ ಕೂತು ಇದನ್ನೊಂದು ಸುದ್ದಿ ಎನ್ನುವಂತೆ ಹೇಳಿದರೆ ನೀವು ನಗುತ್ತೀರಿ. ವಸಂತ್ ಕುಂಜ್‌ನ ನಮ್ಮ ಬ್ಲಾಕಿನಲ್ಲಿ ಬೀದಿನಾಯಿಗಳಿಗೂ ಯಾರೋ ಪುಣ್ಯಾತ್ಮರು ಸ್ವೆಟರ್ ತೊಡಿಸಿದ್ದಾರೆ. ಆದರೆ ನನ್ನ ಪಾಲಿಗೆ ಚಳಿ ಬಂದು ಎರಡು ಚಳಿಗಾಲವೇ ಕಳೆದಿದ್ದವು. ಆರಕ್ಕೆ ಎಚ್ಚರವಾದಾಗ ಮುಂಗೈ ಮೇಲಿನ ರೋಮಗಳೆಲ್ಲ ಎದ್ದು ನಿಂತಿದ್ದವು. ಊರಿಂದ ಬಂದ ನೆಂಟರನ್ನು ನೋಡುವಂತೆ ಅವನ್ನೇ ನೋಡಿದೆ. ಆಮೇಲೆ ಎದ್ದು ಕಿಟಕಿ ಎಳೆದು ಚಿಲಕ ಹಾಕಿದೆ. ಅಭ್ಯಾಸ ತಪ್ಪಿದ ಚಿಲಕ ಕಿರ್ರೆಂದಿತು.

ಹಾಲ್‌ನ ಸೋಫಾದಿಂದ ಇವರು ಕೂಗಿದರು. "ಏನದು ಸದ್ದು?"

"ಏನಿಲ್ಲ ರೀ, ಕಿಟಕಿ ಹಾಕಿದೆ. ಚಳಿ ಆಗ್ತಿದೆ."

ಕೇಂದ್ರ ಸರ್ಕಾರದಲ್ಲಿ ಮೂವತ್ತು ವರ್ಷ ಫೈಲು ನೋಡಿದವರು. ಖಾತ್ರಿಯಾಗದೆ ಯಾವುದನ್ನೂ ಒಪ್ಪುವುದಿಲ್ಲ.

"ಯಾರಿಗೆ?"

"ನನಗೇ!"

ಮರುಗಳಿಗೆಯಲ್ಲಿ ರಜಾಯಿಯನ್ನು ಹೆಗಲಿಗೇರಿಸಿಕೊಂಡು ಬಾಗಿಲಲ್ಲಿ ನಿಂತಿದ್ದರು. "ಹಾಗಾದ್ರೆ ನನ್ನ ವರ್ಗಾವಣೆ ರದ್ದಾಯ್ತು ಅಂದ್ಕೊಳ್ಳಲಾ?"

ವರ್ಗಾವಣೆಯ ಕಥೆ ಹೇಳಬೇಕು. ನನಗೀಗ ಐವತ್ತೊಂದು. ಮುಟ್ಟು ನಿಂತ ಮೇಲೆ ಶುರುವಾಯಿತು ನೋಡಿ: ಎದೆಯಿಂದ ಹೊರಟು ಕತ್ತು ಹತ್ತಿ ಕಿವಿಯ ತುದಿಗೆ ಹೋಗಿ ಮುಟ್ಟುವ ಸೆಕೆ, ಹಾಲು ಉಕ್ಕುವ ಹಾಗೆ, ಹೇಳದೆ ಕೇಳದೆ. ರಾತ್ರಿಗೆ ನಾಲ್ಕು ಸಲ ಎಚ್ಚರ, ನಾಲ್ಕು ಸಲ ಒದ್ದೆ ದಿಂಬು. ಹೀಗಾಗಿ ನಮ್ಮ ಮಲಗುವ ಕೋಣೆಯ ಕಿಟಕಿ ಮಂಜು ಮುಸುಕಿದ ದಿನಗಳಲ್ಲೂ ತೆರೆದೇ ಇರುತ್ತಿತ್ತು. ಇವರಿಗೆ ಕೆಮ್ಮು ಬಂತು. ದೂರದೆ, ಹಾಲ್‌ಗೆ ಹೋದರು. ನನ್ನ ಸಿಟ್ಟು ಬೇರೆ. ದನಿ ಎತ್ತರಿಸದೆ ಮಾತಾಡಬೇಕೆಂದು ಮೈಸೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ತಿದ್ದಿಸಿಕೊಂಡವಳು, ಒಂದು ಕಟ್ಟು ಬಾಡಿದ ಕೊತ್ತಂಬರಿಗೆ ತರಕಾರಿ ಭಯ್ಯಾನ ಮೇಲೆ ಕಿರುಚಿ, ಮನೆಗೆ ಬಂದು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಿದ್ದೇನೆ. ನಿದ್ದೆಗಿಂತ ಹೆಚ್ಚಾಗಿ ನಾನು ಕಳೆದುಕೊಂಡಿದ್ದು ಆ ಮೆದುದನಿಯವಳನ್ನು. ಅವಳು ವಾಪಸ್ ಬೇಕಿತ್ತು.

ಕೆಳಗಿನ ಮನೆಯ ಸೇಠಿ ಆಂಟಿಗೆ ನನ್ನ ಕಿಟಕಿ ಒಂದು ರಾಷ್ಟ್ರೀಯ ಸಮಸ್ಯೆಯಾಗಿತ್ತು. ಎಪ್ಪತ್ತು ದಾಟಿದ ಅವರು ಬಿಸಿಲಿಗೆ ಕುರ್ಚಿ ಹಾಕಿಕೊಂಡು ಬಟಾಣಿ ಬಿಡಿಸುತ್ತ ಇಡೀ ಬ್ಲಾಕನ್ನು ಕಾಯುತ್ತಾರೆ. "ಅರೇ ಬೇಟಾ, ನಿಮ್ಮ ಸೌತ್‌ನಲ್ಲಿ ಚಳಿ ಇಲ್ಲ, ಅಚ್ಛಾ. ಅದಕ್ಕೆ ನಮ್ಮ ಚಳಿನೆಲ್ಲ ನೀನೊಬ್ಬಳೇ ಒಳಗೆ ತಗೋಬೇಕಾ?" ಎಂದು ಮೇಲೆ ನೋಡಿ ಕೇಳುತ್ತಿದ್ದರು. ನಾನು ನಕ್ಕು ಒಳಗೆ ಹೋಗುತ್ತಿದ್ದೆ. ಏನೆಂದು ಹೇಳಲಿ? ನಮ್ಮಲ್ಲಿ ಈ ಸಂಗತಿಗೆ ಪುಸ್ತಕದಲ್ಲಿ 'ಋತುಬಂಧ' ಎಂಬ ಗಂಭೀರ ಹೆಸರಿದೆ. ನಮ್ಮಜ್ಜಿ ಮಾತ್ರ "ನಿಂತ್ಹೋಯ್ತು" ಎಂದು ಒಂದೇ ಪದದಲ್ಲಿ ಮುಗಿಸುತ್ತಿದ್ದಳು, ಗೋಡೆ ಗಡಿಯಾರದ ವಿಷಯ ಹೇಳುವಂತೆ. ಅವಳೂ ಬೇಸಿಗೆಯಲ್ಲದ ದಿನಗಳಲ್ಲಿ ಬೀಸಣಿಗೆ ಹಿಡಿದು ಜಗುಲಿಯಲ್ಲಿ ಕೂತಿರುತ್ತಿದ್ದಳು ಎಂಬುದು ನನಗೆ ಈಗ ನೆನಪಾಗುತ್ತದೆ. ಆಗ ನಾವು ಮಕ್ಕಳು, ಅಜ್ಜಿಗೆ ನೊಣದ ಕಾಟ ಅಂದುಕೊಂಡಿದ್ದೆವು.

'ಬಯೋಐಡೆಂಟಿಕಲ್' ಎಂಬ ಪದವನ್ನು ನನಗೆ ಮೊದಲು ಕೊಟ್ಟವಳು ಪೀತಂಪುರಾದ ಗೆಳತಿ ಶೈಲಜಾ, ಅರಿಶಿನ ಕುಂಕುಮದ ಜೊತೆಗೇ. "ಗುರುಗ್ರಾಮದಲ್ಲಿ ಒಂದು ವೆಲ್‌ನೆಸ್ ಸೆಂಟರ್ ಇದೆ ಕಣೇ. ಜೊಲ್ಲು ಪರೀಕ್ಷೆ ಮಾಡಿ, ನಿನಗೆ ಅಂತಲೇ ಕ್ರೀಮ್ ಕಲಸಿ ಕೊಡ್ತಾರೆ. ಬಿಲ್‌ಕುಲ್ ನ್ಯಾಚುರಲ್! ಮೆಡಿಕಲ್ ಶಾಪಿಂದೆಲ್ಲ ಕೆಮಿಕಲ್. ನಾನೂ ಶುರು ಮಾಡ್ತೀನಿ, ಚಲೋ, ಇಬ್ಬರೂ ಹೋಗೋಣ."

'ನಿನಗೆ ಅಂತಲೇ ಕಲಸಿ' ಎಂದಳಲ್ಲ, ಅಲ್ಲಿಗೆ ನಾನು ಬಿದ್ದೆ. ನನ್ನ ದೊಡ್ಡ ಜಂಬ ಯಾವುದು ಗೊತ್ತೇ? ದಿಲ್ಲಿಗೆ ಬಂದು ಇಪ್ಪತ್ತಾರು ವರ್ಷ, ಇವತ್ತಿನವರೆಗೂ ಪೊಟ್ಟಣದ ಸಾರಿನ ಪುಡಿ ನನ್ನ ಹೊಸಿಲು ದಾಟಿಲ್ಲ. ಬ್ಯಾಡಗಿ ಮೆಣಸಿನಕಾಯಿ ಊರಿನಿಂದಲೇ ಬರಬೇಕು, ಧನಿಯಾ ನಾನೇ ಹುರಿಯಬೇಕು. ಆ ದಿನ ಮೂರು ಮಹಡಿಯವರೂ ಸೀನುತ್ತಾರೆ. ಅಂಗಡಿಯ ಪೊಟ್ಟಣಕ್ಕಿಂತ ಕೈಯಲ್ಲಿ ಮಾಡಿದ್ದು ಶುದ್ಧ. ಇದು ನನ್ನ ಧರ್ಮ. ಹಾರ್ಮೋನಿಗೂ ಅದೇ ಧರ್ಮ ಅನ್ವಯಿಸಿಬಿಟ್ಟೆ.

ತಡೆದದ್ದು ನನ್ನ ಕಾನ್ವೆಂಟಿನ ಸಿಸ್ಟರ್‌ಗಳು. ಉತ್ತರ ಬರೆಯುವ ಮೊದಲು ಪ್ರಶ್ನೆಪತ್ರಿಕೆಯನ್ನು ಕೊನೆಯ ಸಾಲಿನವರೆಗೆ ಓದು ಎಂದು ತಲೆಗೆ ತುಂಬಿದವರು ಅವರು. ಶೈಲಜಾ ಕೊಟ್ಟ ಬಣ್ಣದ ಕರಪತ್ರವನ್ನು ಹಾಗೇ ಓದಿದೆ. ಹೂವಿತ್ತು, ನಗುವ ಹೆಂಗಸಿದ್ದಳು, ಪ್ರಕೃತಿ ಎಂಬ ಪದ ಆರು ಕಡೆ ಇತ್ತು. ಸಣ್ಣ ಅಕ್ಷರ ಮಾತ್ರ ಎಲ್ಲೂ ಇರಲಿಲ್ಲ. ಎಷ್ಟು ಪ್ರಮಾಣ, ಯಾರು ತೆಗೆದುಕೊಳ್ಳಬಾರದು, ಏನಾದರೆ ನಿಲ್ಲಿಸಬೇಕು, ಒಂದೂ ಇಲ್ಲ. ಸಣ್ಣ ಅಕ್ಷರವಿಲ್ಲದ ಔಷಧಿ ನನಗೆ ಉಪ್ಪಿಲ್ಲದ ಸಾರಿನಂತೆ ಕಂಡಿತು. ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಪ್ರಶ್ನೆಗಳನ್ನು ಬರೆದುಕೊಂಡು, ನಮ್ಮ ಹೆರಿಗೆ ಡಾಕ್ಟರಮ್ಮನ ಹತ್ತಿರ ಹೋದೆ.

ಅವರ ಮೇಜಿನ ಮೇಲೆ ಸ್ಟೆತೊಸ್ಕೋಪಿನ ಪಕ್ಕ ಅಂಗೈಯಗಲದ ಬ್ಯಾಟರಿ ಫ್ಯಾನ್ ಒಂದಿತ್ತು. ಅದನ್ನು ನೋಡಿದ್ದೇ ನನಗೆ ಧೈರ್ಯ ಬಂತು. ಕ್ರೀಮಿನ ವಿಷಯ ಹೇಳಿ, ನನ್ನ ಸಾರಿನ ಪುಡಿಯ ಸಿದ್ಧಾಂತವನ್ನೂ ಮಂಡಿಸಿದೆ. ಅವರು ಪೆನ್ನು ಕೆಳಗಿಟ್ಟರು.

"ನಿಮ್ಮ ಪುಡಿ ಪ್ರತಿ ಸಲ ಒಂದೇ ಖಾರ ಇರುತ್ತಾ?"

ಸುಳ್ಳು ಹೇಳುವಂತಿಲ್ಲ. ದೀಪಾವಳಿಗೆ ಮಾಡಿದ ಪುಡಿಯಲ್ಲಿ ಇವರು ಬಿಕ್ಕಳಿಸಿ ಬಿಕ್ಕಳಿಸಿ ಒಂದು ಜಗ್ ನೀರು ಕುಡಿದಿದ್ದರು. "ಇಲ್ಲ," ಎಂದೆ.

"ಖಾರ ಹೆಚ್ಚಾದ್ರೆ ತುಪ್ಪ ಹಾಕ್ತೀರಿ. ಹಾರ್ಮೋನ್ ಹೆಚ್ಚಾದ್ರೆ ಏನು ಹಾಕ್ತೀರಿ?"

ಆಮೇಲಿನ ಅರ್ಧ ಗಂಟೆಯಲ್ಲಿ ನಾನು ಕಲಿತದ್ದು ಹತ್ತು ವರ್ಷದ ವಿಜ್ಞಾನ ಪಾಠಕ್ಕಿಂತ ಹೆಚ್ಚು. ಬಯೋಐಡೆಂಟಿಕಲ್ ಎಂದರೆ ನಮ್ಮ ದೇಹವೇ ತಯಾರಿಸುತ್ತಿದ್ದ ಹಾರ್ಮೋನಿನ ತದ್ರೂಪ, ಅಷ್ಟೇ. ಅದು ಒಂದು ಜಾತಿಯ ಕಾಡುಗೆಡ್ಡೆಯಿಂದ ಶುರುವಾದರೂ ಪ್ರಯೋಗಾಲಯ ದಾಟಿಯೇ ಬರುತ್ತದೆ. ಕಬ್ಬಿನದಾದರೇನು, ಬೀಟ್‌ರೂಟಿನದಾದರೇನು, ಕಾಫಿಗೆ ಬಿದ್ದ ಮೇಲೆ ಸಕ್ಕರೆ ಸಕ್ಕರೆಯೇ. ತಮಾಷೆಯೆಂದರೆ ಆ ತದ್ರೂಪ ಮೂಲೆಯ ಮೆಡಿಕಲ್ ಶಾಪಿನಲ್ಲೇ ಸಿಗುತ್ತದೆ: ಈಸ್ಟ್ರೋಜನ್ ಜೆಲ್ ಆಗಿ, ಪ್ರೊಜೆಸ್ಟೆರಾನ್ ಕ್ಯಾಪ್ಸೂಲ್ ಆಗಿ, ಪ್ರತಿ ಸಲ ಅಳತೆ ಒಂದೇ ಇರುವಂತೆ ಪರೀಕ್ಷೆಯಾಗಿ. ಕಲಸಿ ಕೊಡುವುದಕ್ಕೆ ಆ ಪರೀಕ್ಷೆ ಇಲ್ಲ. ಇನ್ನು ಜೊಲ್ಲು ನೋಡಿ ಅಳತೆ ನಿರ್ಧರಿಸುವುದು, ಅವರ ಮಾತಿನಲ್ಲಿ, ಕಣಿ ಕೇಳಿದ ಹಾಗೆ.

ನ್ಯಾಚುರಲ್ ಪದದ ಮೋಹವೂ ಅಲ್ಲೇ ಇಳಿಯಿತು. ವಾಪಸ್ ಬರುವಾಗ ರಸ್ತೆ ಮಧ್ಯದ ಕಣಗಲೆ ಗಿಡಗಳನ್ನು ನೋಡಿದೆ. ಅದಕ್ಕಿಂತ ಪ್ರಾಕೃತಿಕ ಇನ್ನೇನಿದೆ? ದೇವರ ತಲೆಗೆ ಏರಿಸುತ್ತೇವೆ. ಬಾಯಿಗೆ ಇಟ್ಟರೆ ಆಸ್ಪತ್ರೆ.

"ಮತ್ತೆ ಇದರಲ್ಲಿ ಅಪಾಯವೇ ಇಲ್ವಾ?" ಎಂದೂ ಕೇಳಿದ್ದೆ.

"ಇಲ್ಲವೇ ಇಲ್ಲ ಅನ್ನೋರನ್ನ ನಂಬಬೇಡಿ. ನಾನು ಹೇಳಿದ್ರೂ ನಂಬಬೇಡಿ," ಎಂದು ನಕ್ಕು, ಒಂದೊಂದಾಗಿ ವಿಚಾರಿಸಿದರು. ಸ್ತನ ಕ್ಯಾನ್ಸರ್ ಆಗಿತ್ತಾ, ಮನೆತನದಲ್ಲಿ ಯಾರಿಗಾದರೂ? ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತಾ? ಪಾರ್ಶ್ವವಾಯು, ಲಿವರ್ ತೊಂದರೆ, ಕಾರಣ ತಿಳಿಯದ ರಕ್ತಸ್ರಾವ? ಬಿಪಿ ನೋಡಿದರು, ಮ್ಯಾಮೊಗ್ರಾಮ್ ಮಾಡಿಸಿದರು. ಚರ್ಮದ ಮೂಲಕ ಹೋಗುವ ಈಸ್ಟ್ರೋಜನ್‌ಗೆ ಮಾತ್ರೆಗಿಂತ ಹೆಪ್ಪುಗಟ್ಟಿಸುವ ಭಯ ಕಡಿಮೆ. ಗರ್ಭಕೋಶ ಇರುವವರು ಜೊತೆಗೆ ಪ್ರೊಜೆಸ್ಟೆರಾನ್ ತೆಗೆದುಕೊಳ್ಳಲೇಬೇಕು, ಇಲ್ಲವಾದರೆ ಅದರ ಒಳಪದರಕ್ಕೆ ಕೇಡು. ವರ್ಷಗಟ್ಟಲೆ ತೆಗೆದುಕೊಂಡರೆ ಸ್ತನ ಕ್ಯಾನ್ಸರಿನ ಸಾಧ್ಯತೆ ತುಸು ಹೆಚ್ಚಬಹುದು, ಆದ್ದರಿಂದ ಪ್ರತಿ ವರ್ಷ ಕೂತು ಮತ್ತೆ ತೂಗಿ ನೋಡೋಣ, ಎಂದರು. ನನ್ನ ವಯಸ್ಸಿಗೆ, ನನ್ನ ಆರೋಗ್ಯಕ್ಕೆ ತಕ್ಕಡಿ ಈ ಕಡೆ ವಾಲುತ್ತದೆ ಎಂದರು. ಇನ್ನೊಬ್ಬಳಿಗೆ ಆ ಕಡೆ ವಾಲಬಹುದು. ಮನೆಗೆ ಬಂದು ಜೆಲ್ಲಿನ ಪೆಟ್ಟಿಗೆ ತೆರೆದರೆ ಒಳಗೆ ಮಡಿಕೆ ಮೇಲೆ ಮಡಿಕೆಯ ಕಾಗದ, ಎರಡೂ ಕಡೆ ಸಣ್ಣ ಅಕ್ಷರ! ಊಟದ ಮೇಜಿನ ಮೇಲೆ ಹರಡಿ, ಭೂತಗನ್ನಡಿ ಹಿಡಿದು ಪೂರ್ತಿ ಓದಿದೆ. ಆಮೇಲೆ, ಹೆದರಿಕೆಯಿಂದಲ್ಲ, ತಿಳಿದು ಹೂಂ ಅಂದೆ. ಯಾರೋ ಹೇಳಿದರೆಂದಲ್ಲದೆ, ನಾನೇ ಕೇಳಿ ತಿಳಿದು ತೆಗೆದುಕೊಂಡ ತೀರ್ಮಾನಗಳು ನನ್ನ ಬದುಕಿನಲ್ಲಿ ಹೆಚ್ಚಿಲ್ಲ.

ಇವರು ಮಾತ್ರ, ಗೆಡ್ಡೆ ಎಂಬ ಪದವೊಂದನ್ನು ಕೇಳಿಸಿಕೊಂಡು, ಮರುದಿನ ಎರಡು ಕೆಜಿ ಸುವರ್ಣಗೆಡ್ಡೆ ತಂದರು. ಅದು ಆ ಗೆಡ್ಡೆಯಲ್ಲ, ತಿಂದರೆ ಹಾರ್ಮೋನೂ ಆಗುವುದಿಲ್ಲ ಎಂದು ಹೇಳಲು ಮನಸ್ಸು ಬರಲಿಲ್ಲ. ಮೂರು ದಿನ ಹುಳಿ, ಪಲ್ಯ, ಹುಳಿ. ಇಬ್ಬರಿಗೂ ಗಂಟಲು ಕೆರೆಯಿತು.

ಶೈಲಜಾಗೆ ಫೋನಿನಲ್ಲಿ ಎಲ್ಲ ವರದಿ ಒಪ್ಪಿಸಿದೆ. ಕೊನೆಗೆ, "ಅಚ್ಛಾ... ನಿನ್ನ ಡಾಕ್ಟರ್ ನಂಬರ್ ಕಳಿಸು," ಎಂದಳು.

ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರವೂ ಕಿಟಕಿ ತೆರೆದೇ ಇತ್ತು. ಆಮೇಲೆ ನಾಲ್ಕು ಎಚ್ಚರ ಮೂರಾಯಿತು, ಒಂದಾಯಿತು. ಒಂದು ದಿನ ಭಯ್ಯಾನ ಕೊತ್ತಂಬರಿ ಬಾಡಿದ್ದರೂ, "ನಾಳೆ ತಾಜಾ ತನ್ನಿ ಭಯ್ಯಾ," ಎಂದು ಮೆತ್ತಗೆ ಹೇಳಿ ಬಂದೆ. ಅವನೇ ಗಾಬರಿಯಾಗಿ ಒಂದು ಕಟ್ಟು ಹೆಚ್ಚಿಗೆ ಕೊಟ್ಟ. ಮತ್ತೆ ಇವತ್ತು, ಈ ರೋಮಾಂಚನ. ಹಾಲಿನ ಭಯ್ಯಾ ಬೆಲ್ ಮಾಡಿ ಹೋದ ಮೇಲೆ ಹಾಲು ಒಲೆಗಿಟ್ಟು, ಅದು ಉಕ್ಕುವಷ್ಟರಲ್ಲಿ ತೋಳಿಗೆ ಜೆಲ್ ಹಚ್ಚಿ ಕೈ ತೊಳೆದು ಆರಲು ಬಿಡುವುದು ನನ್ನ ಈಗಿನ ಕ್ರಮ. ಇವತ್ತು ಆ ಜೆಲ್ ಮಂಜಿನಷ್ಟು ತಣ್ಣಗಿತ್ತು. "ಹಾ!" ಎಂದು ಕೂಗಿದೆ. ಗೆದ್ದವರು ಕೂಗುವ ಹಾಗೆ. ಟ್ರಂಕಿನ ತಳದಿಂದ ಸ್ವೆಟರ್ ತೆಗೆದು ಹಾಕಿಕೊಂಡು ಕಾಫಿ ಕುಡಿದೆ. ಅದರಿಂದ ಎರಡು ವರ್ಷದ ಹಳೆಯ ನ್ಯಾಫ್ತಲೀನ್ ವಾಸನೆ ಬರುತ್ತಿತ್ತು. ಹಬ್ಬದ ಅತ್ತರಿಗಿಂತ ಹಿತವಾಗಿತ್ತು.

ಸಂಜೆ ಮೆಟ್ಟಿಲಿಳಿಯುವಾಗ ಸೇಠಿ ಆಂಟಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದರು. ನನ್ನನ್ನು ನೋಡಿ ಬೆಚ್ಚಿಬಿದ್ದರು.

"ಅರೇ, ನೀನು ಇಲ್ಲೇ ಇದೀಯಾ? ಬೆಳಗಿಂದ ಕಿಟಕಿ ಮುಚ್ಚಿತ್ತಲ್ಲ, ನೀವಿಬ್ಬರೂ ಊರಿಗೆ ಹೊರಟುಹೋದ್ರಿ ಅಂದ್ಕೊಂಡು ನಾಳೆಯಿಂದ ನಿಮಗೆ ಹಾಲು ಬೇಡ ಅಂತ ಭಯ್ಯಾಗೆ ಹೇಳಿಬಿಟ್ಟೆ!"