ನಸಾರಿಯೊ ಬೇಡವೆಂದ ಹೆಸರು

ನಸಾರಿಯೊ ಬರ್ರಗಾನ್ ತಾಪಿಯನಿಗೆ ಊರಿನ ಎಲ್ಲರಿಗೂ ಇರುವಂತೆ ಎರಡು ಮನೆತನದ ಹೆಸರುಗಳಿದ್ದವು. ಬರ್ರಗಾನ್ ಅಪ್ಪನದು, ತಾಪಿಯ ಅಮ್ಮನದು. ಅಪ್ಪ ಎಂಬ ಮಹಾನುಭಾವ ಮಗನಿಗೆ ಕೊಟ್ಟಿದ್ದು ಆ ಹೆಸರೊಂದನ್ನೇ. ಮಗು ಅಂಬೆಗಾಲಿಡುವ ಮೊದಲೇ ಬೇರೊಬ್ಬಳ ಜೊತೆ ಕರಾವಳಿಯ ಕಡೆ ಹೋದವನು ಮತ್ತೆ ಇತ್ತ ತಲೆ ಹಾಕಲಿಲ್ಲ. ಸಾಕಿ ಸಲಹಿದವಳು ಉರ್ಬಾನಾ ತಾಪಿಯ. ಮಿಚೋಆಕಾನ್ ಪ್ರಾಂತ್ಯದ ಆ ಸಣ್ಣ ಪೇಟೆಯ ಮಾರುಕಟ್ಟೆ ಬಾಗಿಲಲ್ಲಿ ಅವಳದು ಉಚೆಪೊ ವ್ಯಾಪಾರ. ಎಳೆ ಮೆಕ್ಕೆಜೋಳ ಅರೆದು, ಅದರದೇ ಸಿಪ್ಪೆಯಲ್ಲಿ ಸುತ್ತಿ, ಹಬೆಯಲ್ಲಿ ಬೇಯಿಸಿ ಮಾರಿ ಮಾರಿ ಮಗನನ್ನು ಆಳೆತ್ತರಕ್ಕೆ ಬೆಳೆಸಿದಳು.

ಮೀಸೆ ಮೂಡುತ್ತಿದ್ದಂತೆ ಅವನು ಅಮೆರಿಕದ ಶಿಕಾಗೊ ಸೇರಿದ. ಮಾಂಸದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಒಬ್ಬ ಮಗಳು ಹುಟ್ಟಿದಳು. ಎಲ್ಲ ಸುಸೂತ್ರವಾಗಿತ್ತು, ಹೆಸರೊಂದನ್ನು ಬಿಟ್ಟು. ಅಲ್ಲಿನವರಿಗೆ ಮನೆತನದ ಹೆಸರೆಂದರೆ ಒಂದೇ; ಒಬ್ಬರು ಮೊದಲಿನದನ್ನು ಹಿಡಿದರೆ ಇನ್ನೊಬ್ಬರು ಕೊನೆಯದನ್ನು. ಹಾಗಾಗಿ ಸಂಬಳದ ಚೆಕ್ಕು ತಾಪಿಯನ ಹೆಸರಿಗೆ ಬಂದರೆ, ಲೈಸೆನ್ಸ್ ಬರ್ರಗಾನನ ಹೆಸರಿಗೆ ಬರುತ್ತಿತ್ತು. ಒಮ್ಮೆ ಊರಿನಿಂದ ಹಿಂದಿರುಗುವಾಗ ವಿಮಾನ ನಿಲ್ದಾಣದಲ್ಲಿ ಅವನನ್ನು ಒಂದು ಕೋಣೆಯಲ್ಲಿ ಕೂರಿಸಿ, ಈ ಇಬ್ಬರಲ್ಲಿ ನೀನು ಯಾರು ಎಂದು ಮಧ್ಯಾಹ್ನವೆಲ್ಲ ಕೇಳಿದರು. ಹೊರಗೆ ಬಂದಾಗ ಅಂಗಿ ಬೆವರಿನಲ್ಲಿ ತೊಯ್ದಿತ್ತು.

ಪೌರತ್ವದ ಸಂದರ್ಶನದ ದಿನ ಎದುರಿಗೆ ಕೂತ ಅಧಿಕಾರಿಣಿ ಒಳ್ಳೆಯವಳೇ. ಅವನ ಭಾಷೆಯಲ್ಲೇ ಹೇಳಿದಳು.

“ಜನನ ಪತ್ರದಲ್ಲಿ ತಾಪಿಯ ಅಂತಲೂ ಇದೆ. ಎರಡನ್ನೂ ಇಟ್ಕೊಳ್ಳಿ, ಏನೂ ತೊಂದರೆಯಿಲ್ಲ.”

“ಬೇಡ ಮೇಡಂ, ಅದು ಬೇಡ. ಒಂದು ಸಾಕು.”

ಅಂಗಡಿಯಲ್ಲಿ ಚೀಲ ಬೇಡ ಎಂದಷ್ಟು ಸುಲಭವಾಗಿ ಅಂದುಬಿಟ್ಟ. ಪೌರತ್ವ ಪತ್ರದ ಫೋಟೊ ಅಮ್ಮನಿಗೆ ಕಳಿಸಿದ ಮೇಲೆ ಫೋನು ಬಂತು.

“ನನ್ನ ಹೆಸರೆಲ್ಲೋ?”

“ಅವರೇ ತೆಗೆದುಬಿಟ್ರು ಅಮ್ಮ. ಇಲ್ಲಿ ಒಂದೇ ಬಿಡೋದು.”

“ಅವರ ಕೈಗೆ ಲಕ್ವ ಹೊಡೀಲಿ!”

ಅಲ್ಲಿಗೆ ಮುಗಿಯಿತೆಂದು ಅವನು ತಿಳಿದ. ಮುಗಿಯುವುದೆಲ್ಲಿ ಬಂತು! ಉರ್ಬಾನಾ ಆ ಸುಳ್ಳನ್ನು ಮಾರುಕಟ್ಟೆಯ ತುಂಬ ಹಂಚಿದಳು. ಉಚೆಪೊ ಕೊಳ್ಳಲು ಬಂದವರು ಅದರ ಜೊತೆ ಅಮೆರಿಕದವರಿಗೆ ಬೈಗುಳವನ್ನೂ ಕಟ್ಟಿಸಿಕೊಂಡು ಹೋಗುತ್ತಿದ್ದರು. ಊರಿಗೆ ಬಂದಾಗಲೆಲ್ಲ ಜನ ಅವನ ಬೆನ್ನು ಸವರಿ, ಪಾಪ, ನಿನಗೆಷ್ಟು ನೋವಾಗಿರಬೇಕು ಎನ್ನುತ್ತಿದ್ದರು. ಅವನು ತಲೆ ತಗ್ಗಿಸುತ್ತಿದ್ದ. ಕಾರ್ಖಾನೆಯಲ್ಲಿ ಯಾರಾದರೂ ಬರ್ರಗಾನ್ ಎಂದು ಕೂಗಿದರೆ, ಬಿಟ್ಟುಹೋದ ಆ ಮನುಷ್ಯನನ್ನೇ ಕರೆದಂತಾಗುತ್ತಿತ್ತು. ಇಂಥ ಮಗ ಯಾರಿಗೂ ಬೇಡ ಎಂದು ತನ್ನನ್ನೇ ಶಪಿಸಿಕೊಂಡ. ಆದರೂ ನಿಜ ಹೇಳಲು ಬಾಯಿ ಬರಲಿಲ್ಲ.

ಮೊಮ್ಮಗಳ ಜೊತೆ ಇರಬೇಕೆಂದು ಉರ್ಬಾನಾಳಿಗೆ ಆಸೆಯಾಯಿತು. ಶಿಕಾಗೊದ ಬೀದಿಯಲ್ಲಿ ಉಚೆಪೊ ಮಾರಿ ನಿಮ್ಮನ್ನೆಲ್ಲ ಮೀರಿಸುತ್ತೇನೆ ಎಂದು ಪಕ್ಕದ ಅಂಗಡಿಯವರಿಗೆ ಸವಾಲು ಬೇರೆ ಹಾಕಿದ್ದಳು. ಅವಳನ್ನು ಕರೆಸಿಕೊಳ್ಳಲು ನಸಾರಿಯೊ ಅರ್ಜಿ ಹಾಕಿದ. ಅದು ತಿರುಗಿ ಬಂತು: ಅರ್ಜಿ ಹಾಕಿದ ಬರ್ರಗಾನ್, ಈಕೆ ಹೆತ್ತ ಬರ್ರಗಾನ್ ತಾಪಿಯ, ಇಬ್ಬರೂ ಒಬ್ಬನೇ ಎಂದು ತಾಯಿ ಮಗ ಒಟ್ಟಿಗೆ ನೋಟರಿಯೆದುರು ಪ್ರಮಾಣ ಮಾಡಬೇಕು, ಹೆಸರು ಬಿಟ್ಟುಹೋದದ್ದು ಹೇಗೆಂದೂ ಹೇಳಬೇಕು. ನಸಾರಿಯೊ ರಜೆ ಹಾಕಿ ಊರಿಗೆ ಬಂದ. ಸಂದರ್ಶನದಲ್ಲಿ ತಾನು ಆಡಿದ ಮಾತು ಅವರ ಕಡತದಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು. ಇಲ್ಲಿ ಸುಳ್ಳು ಹೇಳಿದರೆ ಅಮ್ಮನಿಗೆ ಆ ದೇಶದ ಬಾಗಿಲು ಮುಚ್ಚಿದಂತೆ. ನಿಜ ಹೇಳಿದರೆ, ಪಕ್ಕದ ಕುರ್ಚಿಯಲ್ಲಿ ಅವಳೇ ಕೂತಿರುತ್ತಾಳೆ.

ನೋಟರಿ ಕಾಸ್ತುಲೊ ಊರಿನ ಹಳೆಯ ವಕೀಲ. ಬೆಳಗಿನ ಉಚೆಪೊ ಇನ್ನೂ ಮೇಜಿನ ಮೇಲಿತ್ತು.

“ಇನ್ನೊಂದು ಪ್ರಶ್ನೆ, ನಸಾರಿಯೊ. ಹೆಸರು ತೆಗೆಸಿದ್ದು ಯಾರು?”

“ನಾನು ಹೇಳ್ತೀನಿ, ಬರ್ಕೊಳ್ಳಿ,” ಎಂದಳು ಉರ್ಬಾನಾ. “ಅಲ್ಲಿ ಕೂತಿದ್ದ ಯಾವನೋ ತಲೆಹರಟೆ. ನನ್ನ ಮಗ ಕಾಲಿಗೆ ಬಿದ್ರೂ ಕೇಳ್ಲಿಲ್ಲ.”

ಕಾಲಿಗೆ ಬಿದ್ದ ಮಾತನ್ನು ನಸಾರಿಯೊ ಎಂದೂ ಹೇಳಿರಲಿಲ್ಲ. ಮಗನ ಮಾನ ಕಾಯಲು ಅವಳೇ ಸೇರಿಸಿಕೊಂಡದ್ದು.

“ಉರ್ಬಾನಾ ಅವರೇ, ನೀವು ಸ್ವಲ್ಪ ಸುಮ್ಮನಿರಿ. ಅವನು ಹೇಳ್ಬೇಕು.”

ನಸಾರಿಯೊ ವಕೀಲನ ಕಡೆಗೇ ನೋಡುತ್ತ ಹೇಳಿದ. “ನಾನೇ ಬೇಡ ಅಂದೆ. ಅವರು ಇಟ್ಕೋ ಅಂತಾನೇ ಅಂದ್ರು.”

ಕಾಸ್ತುಲೊ ತಲೆ ಎತ್ತದೆ ಬರೆದುಕೊಂಡ. ಉರ್ಬಾನಾ ಮಗನ ಕಡೆ ತಿರುಗಲಿಲ್ಲ.

“ಇವನು ನೀವು ಹೆತ್ತ ಮಗನೇ ಅಂತ ಪ್ರಮಾಣ ಮಾಡ್ತೀರಾ?” ಎಂದು ವಕೀಲ ಮೆತ್ತಗೆ ಕೇಳಿದ.

“ಹೂಂ. ಬೇಗ ಬರ್ಕೊಳ್ಳಿ, ಅದೂ ಬೇಡ ಅಂದುಬಿಟ್ಟಾನು.”

ವಕೀಲನಿಗೆ ನಗು ಬಂದು ಅಲ್ಲೇ ನಿಂತಿತು. ಉರ್ಬಾನಾ ಒತ್ತಿ ಒತ್ತಿ ಸಹಿ ಹಾಕಿ ಎದ್ದಳು.

ಬೀದಿಯಲ್ಲಿ ಅವನು ಅವಳ ಹಿಂದೆಯೇ ನಡೆದ. “ಅಮ್ಮ, ತಪ್ಪಾಯ್ತು. ಹೆದರಿಕೊಂಡು ಹಾಗೆ ಮಾಡಿದೆ. ಆಮೇಲೆ ನಿನ್ನ ಹತ್ರ ಸುಳ್ಳು ಬೇರೆ ಹೇಳಿದೆ. ಕೋರ್ಟಿಗೆ ಹೋಗಿ ಮತ್ತೆ ಸೇರಿಸ್ತೀನಿ.”

“ಸೇರಿಸು. ಬೇಡ ಅಂದ ಮಾತನ್ನ ಯಾವ ಕೋರ್ಟು ಅಳಿಸುತ್ತೆ?” ಅವಳು ನಿಂತಳು. “ನಿನ್ನ ಮಗಳ ಪೂರ್ತಿ ಹೆಸರು ಹೇಳು.”

“ಯಾರೇಲಿ ಬರ್ರಗಾನ್ ಸೊತೊ.”

“ಅಪ್ಪನದೊಂದು, ಅಮ್ಮನದೊಂದು. ಸರಿಯಾಗೇ ಇದೆ. ಮಗನ ತಾಯಿ ಹೆಸರು ಮೊಮ್ಮಕ್ಕಳಿಗೆ ಹೋಗಲ್ಲ, ನಮ್ಮ ಪದ್ಧತೀನೇ ಹಾಗೆ. ಅದಕ್ಕೆ ನಾನು ಯಾವತ್ತೂ ಬೇಜಾರು ಮಾಡ್ಕೊಂಡಿಲ್ಲ.” ಆಗ ಮೊದಲ ಸಲ ಅವನ ಮುಖ ನೋಡಿದಳು. “ಬಿಟ್ಟುಹೋದವನ ಹೆಸರು ನಿನ್ನ ಮಗಳವರೆಗೂ ಬಂತು. ನನ್ನದು ಇದ್ದಿದ್ದು ನಿನ್ನೊಬ್ಬನ ಹತ್ರ ಕಣೋ.”