ಕೋಲಿಗೆ ಕಟ್ಟಿದ ಸೆರಗು

ಬಾದಾಮಿಯ ಆಚೆ ಗುಡ್ಡದ ಮೇಲೆ ನನಗೆ ಪ್ಯಾರಾಗ್ಲೈಡಿಂಗ್ ಕಲಿಸಿದವರು ಇಳಕಲ್ಲಿನ ನೇಕಾರರ ಮನೆತನದ ಹಿರಿಯರೊಬ್ಬರು. ಹಾರುವ ಬಟ್ಟೆ-ರೆಕ್ಕೆಯ ದಾರಗಳನ್ನು, ಮಗ್ಗದ ಎಳೆಗಳೆಂಬಂತೆ, ಕಣ್ಣು ಮುಚ್ಚಿ ಒಂದೊಂದಾಗಿ ಸವರುತ್ತಿದ್ದರು. ಗಾಳಿ ನೋಡಲು ಕೋಲಿಗೆ ಹಳೆಯ ಸೀರೆಯ ಕೆಂಪು ಸೆರಗಿನ ಚೂರು ಕಟ್ಟಿದ್ದರು. ‘ಗಡಬಡಿ ಮಾಡಬ್ಯಾಡ್ರಿ, ಗಾಳಿ ಎಲ್ಲೂ ಹೋಗಂಗಿಲ್ಲ’ ಎಂಬುದು ಅವರ ದಿನದ ಮಾತು.

ನಾನು ಮೊದಲ ಸಲ ಹಾರಬೇಕಿದ್ದ ಮುಂಜಾನೆ ಕಣಿವೆ ಇನ್ನೂ ನಿದ್ದೆಯಲ್ಲಿದ್ದಂತಿತ್ತು. ಅವರು ಆ ಚೂರನ್ನೇ ಬಹಳ ಹೊತ್ತು ನೋಡಿ, ನನ್ನನ್ನು ರೆಕ್ಕೆಗೆ ಬಿಗಿದಿದ್ದ ಬೆಲ್ಟ್ ಬಿಚ್ಚಿದರು. ‘ಇವತ್ತ ಬ್ಯಾಡ್ರಿ.’

‘ನಾಳಿಗೆ ನನ್ನ ರಜಾ ಮುಗಿತೈತ್ರಿ!’ ಎಂದು ರೇಗಿದೆ. ಅವರು ರೆಕ್ಕೆ ಮಡಚಿ, ಕೋಲು ಹಿಡಿದು ಇಳಿಯತೊಡಗಿದರು.

ಅರ್ಧ ಗುಡ್ಡ ಇಳಿದಾಗ ಸುಳಿಗಾಳಿ ಎದ್ದು, ಚೂರನ್ನು ಕೋಲಿನಿಂದ ಕಿತ್ತು, ಕೆಂಪು ಬಂಡೆಗಳ ಮೇಲೆ ತಿರುಗಿಸುತ್ತ ತಿರುಗಿಸುತ್ತ ಒಯ್ದಿತು. ಅದು ಚುಕ್ಕಿಯಾಗುವವರೆಗೂ ಅವರು ಹಣೆಗೆ ಕೈ ಅಡ್ಡ ಹಿಡಿದು ನೋಡಿದರು.

‘ನಿಮ್ಮ ಬದ್ಲಿ ಅದು ಹೋತ್ ನೋಡ್ರಿ.’